ನೆಗೆಟಿವ್ ಸ್ಕ್ಯಾನ್ ಮಾಡುವಾಗ ಸೆಟಿಂಗ್ ಏನಿಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಹಬ್ಬಕ್ಕೆ ಮನೆ ತೊಳೆಯಲು ಅಟ್ಟದ ಟ್ರಂಕು ಇಳಿಸಿದಾಗ ಯಾರ ಮನೆಯಲ್ಲಾದರೂ ಒಂದು ನೆಗೆಟಿವ್ ಡಬ್ಬ ಸಿಗುತ್ತದೆ. ಆಮೇಲೆ ನನಗೆ ಫೋನ್ ಬರುತ್ತದೆ. ನಮ್ಮ ಮನೆಯ ಸುಮಾರು 70 ರೋಲು ಸ್ಕ್ಯಾನ್ ಮಾಡಿದ್ದೇನೆ. ಅದರಲ್ಲಿ ಒಂದಷ್ಟನ್ನು ಎರಡೆರಡು ಸಲ. ಮೊದಲ ಸಲ ಸೆಟಿಂಗ್ ತಪ್ಪಿಟ್ಟಿದ್ದೆ, ಅದಕ್ಕೆ. ಅನುಭವ ಅಂತ ಇರುವುದು ಅಷ್ಟೇ.

ಕೆಳಗಿನ ಉತ್ತರಗಳ ಹಿಂದಿರುವ ಲೆಕ್ಕ ಒಂದೇ. ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡಲಾಗದ್ದನ್ನು ಸ್ಕ್ಯಾನ್ ಮಾಡುವಾಗಲೇ ಸರಿಯಾಗಿ ಇಡಿ. ಆಮೇಲೆ ಮಾಡಿಕೊಳ್ಳಬಹುದಾದ್ದಕ್ಕೆ ಈಗ ಕೈ ಹಾಕಬೇಡಿ. ಹಿಟ್ಟು ಚೆನ್ನಾಗಿ ರುಬ್ಬಿಟ್ಟರೆ ನಾಳೆ ಸೆಟ್ ದೋಸೆಯೂ ಆಗುತ್ತದೆ, ಮಸಾಲೆ ದೋಸೆಯೂ ಆಗುತ್ತದೆ.

### ಶುರು ಮಾಡುವ ಮುಂಚೆ

ಪ್ರಿಂಟೇ ಆಲ್ಬಮ್‌ನಲ್ಲಿದೆಯಲ್ಲ, ಅದನ್ನೇ ಸ್ಕ್ಯಾನ್ ಮಾಡಿದ್ರೆ ಸಾಲದಾ?

ವಾಟ್ಸ್‌ಆ್ಯಪ್‌ಗೆ ಹಾಕಲು ಸಾಕು. ಆದರೆ ನೆಗೆಟಿವ್‌ನಲ್ಲಿ ಇರುವುದೆಲ್ಲ ಪ್ರಿಂಟ್‌ಗೆ ಬಂದಿರುವುದಿಲ್ಲ. ಪ್ರಿಂಟ್ ಹಾಕುವ ಮೆಷಿನ್ನು ಅಂಚು ಸ್ವಲ್ಪ ಕತ್ತರಿಸಿರುತ್ತದೆ. ಬಿಸಿಲು ಬಿದ್ದ ಜಾಗವೆಲ್ಲ ಬೆಳ್ಳಗೆ ತೇಲಿಹೋಗಿರುತ್ತದೆ. ನಮ್ಮಜ್ಜ ಜಗಲಿಯ ಮೇಲೆ ಕೂತಿರುವ ಒಂದು ಫೋಟೋ ಇದೆ. ಪ್ರಿಂಟ್‌ನಲ್ಲಿ ಪಂಚೆ ಅಂದರೆ ಬರೀ ಬಿಳಿ ಹಾಳೆ. ನೆಗೆಟಿವ್ ಸ್ಕ್ಯಾನ್ ಮಾಡಿದಾಗ ನೆರಿಗೆ ಬಂತು, ಅಂಚಿನ ಜರಿ ಬಂತು, ತೊಡೆಯ ಮೇಲಿದ್ದ ಎಲೆ ಅಡಿಕೆ ತಟ್ಟೆಯೂ ಬಂತು. 30 ವರ್ಷ ಆ ತಟ್ಟೆಯನ್ನು ನಮ್ಮನೆಯಲ್ಲಿ ಯಾರೂ ನೋಡಿರಲಿಲ್ಲ.

ನೆಗೆಟಿವ್ ಕಳೆದುಹೋಗಿದ್ದರೆ ಪ್ರಿಂಟೇ ಗತಿ. ಅದಕ್ಕೆ 600 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಸಾಕು.

ಮನೇಲಿ ಪ್ರಿಂಟರ್ ಜೊತೆಗೆ ಸ್ಕ್ಯಾನರ್ ಇದೆ. ಅದರಲ್ಲೇ ಆಗಲ್ವಾ?

ಆಗುವುದಿಲ್ಲ. ಕಾಗದವನ್ನು ಸ್ಕ್ಯಾನ್ ಮಾಡುವಾಗ ಬೆಳಕು ಬಡಿದು ವಾಪಸ್ ಬರುತ್ತದೆ. ನೆಗೆಟಿವ್‌ಗೆ ಬೆಳಕು ಹಿಂದಿನಿಂದ ತೂರಿ ಬರಬೇಕು. ಅದಕ್ಕೆ ಮುಚ್ಚಳದಲ್ಲಿ ದೀಪ ಇರುವ, ಗಾಜಿನ ಮೇಲೆ ಇಟ್ಟು ಸ್ಕ್ಯಾನ್ ಮಾಡುವ ಫ್ಲ್ಯಾಟ್‌ಬೆಡ್ ಬೇಕು, ಉದಾಹರಣೆಗೆ ಎಪ್ಸನ್ ವಿ600, ವಿ850. ಇಲ್ಲವೇ ಪ್ಲಸ್‌ಟೆಕ್ ಆಪ್ಟಿಕ್‌ಫಿಲ್ಮ್‌ನಂಥ ಫಿಲ್ಮ್ ಸ್ಕ್ಯಾನರ್ ಬೇಕು. ಮೂರನೇ ದಾರಿ, ಕ್ಯಾಮೆರಾದಲ್ಲೇ ನೆಗೆಟಿವ್‌ನ ಫೋಟೋ ತೆಗೆಯುವುದು. ಅದರ ಮಾತು ಕೊನೆಯಲ್ಲಿ ಇದೆ.

ಸ್ಕ್ಯಾನರ್ ತಂದೆ, ನೆಗೆಟಿವ್ ಇಟ್ಟೆ, ಬರೀ ಕಪ್ಪು ಬರ್ತಿದೆ. ಕೆಟ್ಟಿದೆಯಾ?

ಕೆಟ್ಟಿರಲಾರದು. ಮುಚ್ಚಳದ ಒಳಗಡೆ ಒಂದು ಬಿಳಿ ಹಲಗೆ ಸಿಕ್ಕಿಸಿರುತ್ತಾರೆ, ಅದು ಕಾಗದ ಸ್ಕ್ಯಾನ್ ಮಾಡಲು. ಅದನ್ನು ಮೇಲಕ್ಕೆ ಎಳೆದು ತೆಗೆಯಿರಿ, ಹಿಂದೆ ದೀಪದ ಕಿಟಕಿ ಕಾಣಿಸುತ್ತದೆ. ಸಾಫ್ಟ್‌ವೇರ್‌ನಲ್ಲಿ ಡಾಕ್ಯುಮೆಂಟ್ ಟೈಪ್ 'ಫಿಲ್ಮ್' ಅಂತಲೂ, ಫಿಲ್ಮ್ ಟೈಪ್ 'ಕಲರ್ ನೆಗೆಟಿವ್' ಅಂತಲೂ ಇರಬೇಕು. ಎಪ್ಸನ್ ಜೊತೆ ಬರುವ ಎಪ್ಸನ್ ಸ್ಕ್ಯಾನ್ ಸಾಫ್ಟ್‌ವೇರ್ ಆದರೆ ಮೊದಲು ಪ್ರೊಫೆಷನಲ್ ಮೋಡ್‌ಗೆ ಬನ್ನಿ. ಮಿಕ್ಕ ಮೋಡ್‌ಗಳಲ್ಲಿ ಬೇಕಾದ ಗುಂಡಿಗಳೇ ಇರುವುದಿಲ್ಲ.

ಇನ್ನೊಂದು. ಫಿಲ್ಮ್ ಸಿಕ್ಕಿಸುವ ಹೋಲ್ಡರ್‌ನ ಒಂದು ತುದಿಯಲ್ಲಿ ಖಾಲಿ ಸೀಳು ಇರುತ್ತದೆ. ಸ್ಕ್ಯಾನರ್ ತನ್ನ ಬೆಳಕನ್ನು ಅಳೆದುಕೊಳ್ಳುವುದು ಅಲ್ಲಿಂದ. ಅಲ್ಲಿ ಧೂಳೋ ಫಿಲ್ಮ್ ತುಂಡೋ ಇದ್ದರೆ ಚಿತ್ರದ ಉದ್ದಕ್ಕೂ ಗೆರೆ ಬೀಳುತ್ತದೆ.

ನೆಗೆಟಿವ್‌ನ ಯಾವ ಮುಖ ಕೆಳಗೆ ಬರಬೇಕು?

ಎಪ್ಸನ್ ಫ್ಲ್ಯಾಟ್‌ಬೆಡ್‌ಗಳಲ್ಲಿ ಹೊಳೆಯುವ ಮುಖ ಗಾಜಿನ ಕಡೆಗೆ, ಮಂಕಾಗಿರುವ ಮುಖ ಮೇಲಕ್ಕೆ. ಅನುಮಾನ ಬಂದರೆ ಅಂಚಿನಲ್ಲಿರುವ ಕಂಪನಿ ಹೆಸರು, ನಂಬರು ನೋಡಿ. ಯಾವ ಕಡೆಯಿಂದ ಅಕ್ಷರ ನೆಟ್ಟಗೆ ಓದಲು ಬರುತ್ತದೋ ಆ ಮುಖ ಕೆಳಗೆ. ಉಲ್ಟಾ ಇಟ್ಟರೆ ಅಪ್ಪನ ವಾಚು ಬಲಗೈಗೆ ಹೋಗುತ್ತದೆ, ಅಂಗಡಿ ಬೋರ್ಡು ಕನ್ನಡಿಯಲ್ಲಿ ಕಂಡಂತೆ ಬರುತ್ತದೆ. ಆಮೇಲೆ ತಿರುಗಿಸಿಕೊಳ್ಳಬಹುದು ನಿಜ, ಆದರೆ ಬೋರ್ಡೋ ವಾಚೋ ಇಲ್ಲದ ಫೋಟೋದಲ್ಲಿ ಗೊತ್ತಾಗುವುದಾದರೂ ಹೇಗೆ?

ಎಪ್ಸನ್ ಸ್ಕ್ಯಾನ್, ವ್ಯೂಸ್ಕ್ಯಾನ್, ಸಿಲ್ವರ್‌ಫಾಸ್ಟ್: ಯಾವುದು ತಗೊಳ್ಲಿ?

ಸ್ಕ್ಯಾನರ್ ಜೊತೆ ಬಂದ ಸಾಫ್ಟ್‌ವೇರ್‌ನಲ್ಲೇ ಶುರು ಮಾಡಿ, ಖರ್ಚಿಲ್ಲ. ಹತ್ತು ರೋಲು ಆದ ಮೇಲೆ ಏನು ಸಾಲದು ಅಂತ ನಿಮಗೇ ಗೊತ್ತಾಗುತ್ತದೆ.

ಹಳೇ ಸ್ಕ್ಯಾನರ್ ಇದ್ದು ಹೊಸ ವಿಂಡೋಸ್‌ನಲ್ಲಿ ಅದರ ಡ್ರೈವರ್ ಓಡದಿದ್ದರೆ ವ್ಯೂಸ್ಕ್ಯಾನ್ ನೋಡಿ. ಬೇರೆ ಬೇರೆ ಕಂಪನಿಗಳ ಸಾವಿರಾರು ಮಾಡೆಲ್‌ಗಳಿಗೆ ಅದೊಂದೇ ಸಾಕು. ಫಿಲ್ಮ್‌ಗೆ ಪ್ರೊಫೆಷನಲ್ ಆವೃತ್ತಿಯೇ ಬೇಕು. ಪುಕ್ಕಟೆಯಾಗಿ ಪ್ರಯತ್ನಿಸಬಹುದು, ಚಿತ್ರದ ಮೇಲೆ ಡಾಲರ್ ಗುರುತು ಬಿದ್ದಿರುತ್ತದೆ ಅಷ್ಟೇ. ಸಿಲ್ವರ್‌ಫಾಸ್ಟ್‌ನಲ್ಲಿ ನೆಗಾಫಿಕ್ಸ್ ಅನ್ನುವ ಫಿಲ್ಮ್ ಪಟ್ಟಿ ಚೆನ್ನಾಗಿದೆ, ನಿಮ್ಮ ಫಿಲ್ಮಿನ ಹೆಸರು ಆರಿಸಿದರೆ ಅದಕ್ಕೆ ತಕ್ಕಂತೆ ಬಣ್ಣ ಕೂಡಿಸುತ್ತದೆ. ಆದರೆ ಅದರ ಲೈಸೆನ್ಸು ಸ್ಕ್ಯಾನರ್ ಮಾಡೆಲ್‌ಗೆ ಕಟ್ಟಿಕೊಂಡಿರುತ್ತದೆ. ನಾಳೆ ಬೇರೆ ಸ್ಕ್ಯಾನರ್ ತಂದರೆ ಮತ್ತೆ ದುಡ್ಡು. ನಾನು ವ್ಯೂಸ್ಕ್ಯಾನ್ ಬಳಸುತ್ತೇನೆ. ನೋಡಲು ಅಷ್ಟೇನೂ ಚೆಂದ ಇಲ್ಲ, ಕೈಗೆ ಒಗ್ಗಿಹೋಗಿದೆ.

### ಮೊದಲು ಕಣ್ಣಿಗೆ ಬೀಳುವ ಸೆಟಿಂಗ್‌ಗಳು

ಡಬ್ಬದ ಮೇಲೆ 6400 ಡಿಪಿಐ ಅಂತಿದೆ. ಅಷ್ಟೇ ಇಟ್ಟುಬಿಡ್ಲಾ?

ಬೇಡ. ಡಬ್ಬದ ಮೇಲಿನ ಸಂಖ್ಯೆ ಸ್ಕ್ಯಾನರ್ ಎಷ್ಟು ಚುಕ್ಕಿ ಎಣಿಸುತ್ತದೆ ಅನ್ನುವುದನ್ನು ಹೇಳುತ್ತದೆ, ಎಷ್ಟು ವಿವರ ಕಾಣುತ್ತದೆ ಅನ್ನುವುದನ್ನಲ್ಲ. ವಿ600 ದರ್ಜೆಯ ಫ್ಲ್ಯಾಟ್‌ಬೆಡ್‌ಗೆ ಟೆಸ್ಟ್ ಚಾರ್ಟ್ ಇಟ್ಟು ಅಳೆದವರಿಗೆ ಸಿಕ್ಕಿದ್ದು 1600ರ ಆಸುಪಾಸು. 7200 ಅಂತ ಬರೆದಿರುವ ಪ್ಲಸ್‌ಟೆಕ್ ಸ್ಕ್ಯಾನರ್‌ಗಳಲ್ಲಿ ಸಿಗುವುದು ಸುಮಾರು ಅರ್ಧ. ಅರ್ಧ ಅಂದರೂ ಫ್ಲ್ಯಾಟ್‌ಬೆಡ್‌ಗಿಂತ ಎಷ್ಟೋ ಮೇಲು.

ಲೆಕ್ಕ ನೋಡಿ. 35 ಎಂಎಂ ಫಿಲ್ಮ್‌ನ ಒಂದು ಚೌಕಟ್ಟು, ಅಂದರೆ ಒಂದು ಫೋಟೋ, 24 x 36 ಮಿ.ಮೀ. ಇರುತ್ತದೆ. 2400 ಡಿಪಿಐಗೆ ಸುಮಾರು 2268 x 3402 ಪಿಕ್ಸೆಲ್ ಬರುತ್ತದೆ. 8 x 12 ಇಂಚಿನ ಪ್ರಿಂಟ್‌ಗೆ ಅದು ಸಾಕೇ ಸಾಕು. 3200ಕ್ಕೆ ಇಟ್ಟರೆ ಸುಮಾರು 13.7 ಮೆಗಾಪಿಕ್ಸೆಲ್, 6400ಕ್ಕೆ ಸುಮಾರು 55 ಮೆಗಾಪಿಕ್ಸೆಲ್. ಆ 55ರಲ್ಲಿ ಹೊಸ ವಿವರ ಇರುವುದಿಲ್ಲ, ಅದೇ ಮಸುಕು ದೊಡ್ಡದಾಗಿರುತ್ತದೆ. ಸಮಯ ಮಾತ್ರ ಹಲವು ಪಟ್ಟು ಜಾಸ್ತಿ.

ನಾನು ಇಡುವುದು ಹೀಗೆ: ಫ್ಲ್ಯಾಟ್‌ಬೆಡ್‌ನಲ್ಲಿ 35 ಎಂಎಂಗೆ 2400, ತುಂಬಾ ಬೇಕಾದ ಫೋಟೋಗೆ 3200. ಪ್ಲಸ್‌ಟೆಕ್‌ನಲ್ಲಿ 3600. ನಂಬಿಕೆ ಬರದಿದ್ದರೆ ನೀವೇ ನೋಡಿ. ಸೀರೆ ಅಂಚೋ, ಹಿಂದೆ ಗೋಡೆಗೆ ತೂಗುಹಾಕಿದ ಕ್ಯಾಲೆಂಡರೋ ಇರುವ ಒಂದು ಚೌಕಟ್ಟು ಆರಿಸಿ. 2400 ಮತ್ತು 6400 ಎರಡರಲ್ಲೂ ಸ್ಕ್ಯಾನ್ ಮಾಡಿ, ಎರಡನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕ ಇಟ್ಟುಕೊಳ್ಳಿ. ಕ್ಯಾಲೆಂಡರಿನ ತಾರೀಖು ಮೊದಲನೆಯದರಲ್ಲಿ ಓದಲು ಬರದಿದ್ದರೆ ಎರಡನೆಯದರಲ್ಲೂ ಬರುವುದಿಲ್ಲ.

24 ಬಿಟ್, 48 ಬಿಟ್ ಅಂತ ಕೇಳುತ್ತೆ. ಏನು ವ್ಯತ್ಯಾಸ?

24 ಬಿಟ್ ಅಂದರೆ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು. 48 ಬಿಟ್ ಅಂದರೆ ಒಂದೊಂದಕ್ಕೂ 65,536 ಮೆಟ್ಟಿಲು. ಕಣ್ಣಿಗೆ 256 ಸಾಕು, ಆದರೆ ನೆಗೆಟಿವ್‌ನ ಚಿತ್ರ ಆ ಏಣಿಯ ಮಧ್ಯದ ಕೆಲವೇ ಮೆಟ್ಟಿಲುಗಳಲ್ಲಿ ಇಕ್ಕಟ್ಟಾಗಿ ಕೂತಿರುತ್ತದೆ. ಆಮೇಲೆ ಅದನ್ನು ಹಿಗ್ಗಿಸಿದಾಗ 24 ಬಿಟ್‌ನಲ್ಲಿ ಆಕಾಶದಂಥ ಜಾಗದಲ್ಲಿ ಪಟ್ಟಿ ಪಟ್ಟಿ ಬೀಳುತ್ತದೆ.

ಬಣ್ಣ ತಿದ್ದುವ ಯೋಚನೆ ಇದ್ದರೆ 48 ಬಿಟ್. ಕಪ್ಪು-ಬಿಳುಪಿಗೆ 16 ಬಿಟ್ ಗ್ರೇಸ್ಕೇಲ್. ಸ್ಕ್ಯಾನ್ ಮಾಡಿ ಹಾಗೇ ಮನೆಯವರಿಗೆ ಕಳಿಸುವುದಾದರೆ 24 ಬಿಟ್ ಸಾಕು, ಸಂಕೋಚ ಬೇಡ.

ಜೆಪೆಗ್ ಸಾಕಾ, ಟಿಫ್ ಬೇಕಾ? ಹಾರ್ಡ್‌ಡಿಸ್ಕ್ ತುಂಬಿಹೋಗುತ್ತಲ್ಲ ಸರ್.

ತುಂಬುತ್ತದೆ, ನಿಜ. 3200 ಡಿಪಿಐ, 48 ಬಿಟ್ ಟಿಫ್ ಅಂದರೆ ಒಂದು ಫೋಟೋಗೆ ಸುಮಾರು 82 ಎಂಬಿ. 36 ಫೋಟೋದ ರೋಲಿಗೆ ಸುಮಾರು 3 ಜಿಬಿ. 2400 ಡಿಪಿಐಗೆ ಇಳಿದರೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ.

ಆದರೂ ಟಿಫ್ ಇಡಿ. ಜೆಪೆಗ್‌ನಲ್ಲಿ ಬಣ್ಣಕ್ಕೆ 8 ಬಿಟ್ ಮಾತ್ರ ಉಳಿಯುತ್ತದೆ, ಹಾಗಾಗಿ ಮೇಲೆ 48 ಬಿಟ್ ಆರಿಸಿ ಇಲ್ಲಿ ಜೆಪೆಗ್ ಆರಿಸಿದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಾನು ಮಾಡಿದ್ದು ಅದನ್ನೇ. ಮೊದಲ 20 ರೋಲನ್ನು ಎಲ್ಲಾ ಆಟೋಗೆ ಬಿಟ್ಟು ಜೆಪೆಗ್‌ನಲ್ಲಿ ಉಳಿಸಿದೆ. ಅಕ್ಕನ ಮದುವೆಯ ಫೋಟೋಗಳ ಮುಖವೆಲ್ಲ ಅರಿಶಿನ ಮೆತ್ತಿದಂತೆ ಹಳದಿ. ತಿದ್ದಲು ಕೂತರೆ ಚರ್ಮದ ಮೇಲೆ ಚೌಕ ಚೌಕ ಕಲೆ ಏಳತೊಡಗಿತು. ಮತ್ತೆ ಮೊದಲಿಂದ ಮಾಡಿದೆ, ಎರಡು ಬೇಸಿಗೆ ರಜೆ ಹೋಯಿತು.

ತಿದ್ದಿ ಮುಗಿದ ಮೇಲೆ ನೆಂಟರಿಗೆ ಹಂಚಲು ಜೆಪೆಗ್ ಮಾಡಿ. ಮೂಲ ಟಿಫ್ ಮುಟ್ಟಬೇಡಿ.

ಡಿಜಿಟಲ್ ಐಸ್ ಆನ್ ಮಾಡಬೇಕಾ? ಕೆಲವರು ಬೇಡ ಅಂತಾರೆ.

ಧೂಳು, ಗೀರು ತಾನೇ ಅಳಿಸುವ ಸೆಟಿಂಗ್ ಇದು. ಬಣ್ಣದ ನೆಗೆಟಿವ್‌ಗೆ ಕಣ್ಣು ಮುಚ್ಚಿ ಆನ್ ಮಾಡಿ. ಸ್ಕ್ಯಾನರ್ ಮಾಡುವ ಕೆಲಸಗಳಲ್ಲೆಲ್ಲ ನನಗೆ ತುಂಬಾ ಇಷ್ಟವಾದದ್ದು ಇದೇ. ಬಣ್ಣದ ಫಿಲ್ಮ್‌ನಲ್ಲಿ ಚಿತ್ರ ಇರುವುದು ಡೈ ಅನ್ನುವ ಬಣ್ಣಗಳಲ್ಲಿ. ಆ ಡೈಗಳು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ತಡೆಯುವುದಿಲ್ಲ, ಆದರೆ ಧೂಳು ಮತ್ತು ಗೀರು ತಡೆಯುತ್ತವೆ. ಸ್ಕ್ಯಾನರ್ ಒಂದು ಸಲ ಇನ್‌ಫ್ರಾರೆಡ್‌ನಲ್ಲೂ ಓದಿದರೆ ಧೂಳಿನದ್ದೇ ಒಂದು ನಕ್ಷೆ ಸಿಗುತ್ತದೆ. ಆ ಜಾಗವನ್ನಷ್ಟೇ ಅಕ್ಕಪಕ್ಕದ ಬಣ್ಣದಿಂದ ತುಂಬುತ್ತದೆ. ವ್ಯೂಸ್ಕ್ಯಾನ್‌ನಲ್ಲಿ ಇದರ ಹೆಸರು ಇನ್‌ಫ್ರಾರೆಡ್ ಕ್ಲೀನ್, ಸಿಲ್ವರ್‌ಫಾಸ್ಟ್‌ನಲ್ಲಿ ಐಎಸ್‌ಆರ್‌ಡಿ. ವ್ಯೂಸ್ಕ್ಯಾನ್‌ನಲ್ಲಿ ನಾನು ಲೈಟ್‌ನಲ್ಲಿ ಇಡುತ್ತೇನೆ, ಜಾಸ್ತಿ ಗೀರಿದ್ದರೆ ಮೀಡಿಯಂ. ಹೆವಿ ಇಟ್ಟರೆ ಕೂದಲಿನಂಥ ಸಣ್ಣ ವಿವರ ಮೆತ್ತಗಾಗುತ್ತದೆ. ಒಂದು ಓದು ಜಾಸ್ತಿ ಆದ್ದರಿಂದ ಫ್ಲ್ಯಾಟ್‌ಬೆಡ್‌ನಲ್ಲಿ ಸಮಯ ಹಿಡಿಯುತ್ತದೆ, ಹಿಡಿಯಲಿ ಬಿಡಿ.

ಮಾಮೂಲಿ ಕಪ್ಪು-ಬಿಳುಪು ಫಿಲ್ಮ್‌ಗೆ ಮಾತ್ರ ಖಂಡಿತ ಬೇಡ. ಅಲ್ಲಿ ಚಿತ್ರವೇ ಬೆಳ್ಳಿಯ ಕಣ. ಬೆಳ್ಳಿ ಇನ್‌ಫ್ರಾರೆಡ್‌ಗೆ ಅಡ್ಡ ನಿಲ್ಲುತ್ತದೆ. ಸಾಫ್ಟ್‌ವೇರ್ ನಿಮ್ಮಜ್ಜಿಯ ಮುಖವನ್ನೇ ಧೂಳು ಅಂದುಕೊಂಡು ಒರೆಸಲು ಹೋಗುತ್ತದೆ. ಇಲ್ಫರ್ಡ್ ಎಕ್ಸ್‌ಪಿ2ನಂಥ, ಬಣ್ಣದ ಫಿಲ್ಮ್ ತೊಳೆಯುವ ಸಿ-41 ರಾಸಾಯನಿಕದಲ್ಲೇ ತೊಳೆಯುವ ಕಪ್ಪು-ಬಿಳುಪು ಫಿಲ್ಮ್ ಇದಕ್ಕೆ ಹೊರತು, ಅದರಲ್ಲಿರುವುದೂ ಡೈ.

ಐಸ್ ಪಕ್ಕದಲ್ಲೇ 'ಡಸ್ಟ್ ರಿಮೂವಲ್' ಅಂತ ಇನ್ನೊಂದಿದೆ. ಎರಡನ್ನೂ ಟಿಕ್ ಮಾಡಿದ್ರೆ ಇನ್ನೂ ಒಳ್ಳೇದಲ್ವಾ?

ಎರಡೂ ಒಂದಲ್ಲ. ಡಸ್ಟ್ ರಿಮೂವಲ್‌ಗೆ ಇನ್‌ಫ್ರಾರೆಡ್ ನಕ್ಷೆ ಇಲ್ಲ, ಅದು ಬರೀ ಊಹೆ. ನೆಗೆಟಿವ್ ಮೇಲಿನ ಧೂಳು ಚಿತ್ರದಲ್ಲಿ ಬಿಳಿ ಚುಕ್ಕಿಯಾಗಿ ಬರುತ್ತದೆ. ಹಾಗಾಗಿ ಸಣ್ಣ ಬಿಳಿ ಚುಕ್ಕಿ ಕಂಡರೆ ಇದು ಅಳಿಸುತ್ತದೆ. ನಮ್ಮತ್ತೆಯ ಒಂದು ಫೋಟೋದಲ್ಲಿ ವಜ್ರದ ಮೂಗುಬೊಟ್ಟಿನ ಹೊಳಪು ಹೀಗೇ ಮಾಯವಾಯಿತು. ಇನ್ನೊಂದರಲ್ಲಿ ಮಗುವಿನ ಕಣ್ಣಿನ ಮಿಂಚು ಹೋಗಿ ಕಣ್ಣು ಸತ್ತಂತೆ ಕಾಣುತ್ತಿತ್ತು. ಆಫ್ ಇಡಿ.

ಶಾರ್ಪನಿಂಗ್, ಗ್ರೇನ್ ರಿಡಕ್ಷನ್, ಕಲರ್ ರೆಸ್ಟೊರೇಷನ್?

ಮೊದಲೆರಡು ಆಫ್. ಶಾರ್ಪನಿಂಗ್ ಆನ್ ಇದ್ದರೆ ಮುಖಕ್ಕಿಂತ ಮೊದಲು ಫಿಲ್ಮ್‌ನ ಗ್ರೇನ್ (ಚಿತ್ರದ ಕಣಗಳು) ಚೂಪಾಗುತ್ತದೆ, 400 ಐಎಸ್‌ಒ ಫಿಲ್ಮ್ ಆದರೆ ಮುಖಕ್ಕೆ ರವೆ ಎರಚಿದಂತೆ ಕಾಣುತ್ತದೆ. ಮೂರನೆಯದನ್ನು ನಿಜವಾಗಿ ಬಣ್ಣ ಮಾಸಿದ ಚೌಕಟ್ಟಿಗೆ ಮಾತ್ರ ಪ್ರಯತ್ನಿಸಿ, ಇಡೀ ರೋಲಿಗಲ್ಲ. ಎಪ್ಸನ್ ಸ್ಕ್ಯಾನ್‌ನಲ್ಲಿ ಅನ್‌ಶಾರ್ಪ್ ಮಾಸ್ಕ್ (ಶಾರ್ಪನಿಂಗ್‌ಗೇ ಅಲ್ಲಿನ ಹೆಸರು) ತಾನೇ ಆನ್ ಆಗಿ ಕೂತಿರಬಹುದು, ಒಮ್ಮೆ ನೋಡಿಕೊಳ್ಳಿ.

### ಬಣ್ಣದ ತಕರಾರು

ನೆಗೆಟಿವ್ ಯಾಕೆ ಕಿತ್ತಳೆ ಬಣ್ಣ ಇರುತ್ತೆ? ಉಲ್ಟಾ ಮಾಡಿದ್ರೆ ಎಲ್ಲಾ ನೀಲಿ ಬರ್ತಿದೆ.

ಫಿಲ್ಮ್‌ನ ಡೈಗಳು ಶುದ್ಧವಲ್ಲ. ಒಂದು ಬಣ್ಣವನ್ನು ತಡೆಯಬೇಕಾದ್ದು ಪಕ್ಕದ ಬಣ್ಣವನ್ನೂ ಸ್ವಲ್ಪ ತಡೆಯುತ್ತದೆ. ಆ ತಪ್ಪನ್ನು ಸರಿದೂಗಿಸಲು ಫಿಲ್ಮ್ ಮಾಡುವಾಗಲೇ ಒಂದು ಕಿತ್ತಳೆ ಛಾಯೆ ಬರುವಂತೆ ಮಾಡಿರುತ್ತಾರೆ, ಅದನ್ನು ಮಾಸ್ಕ್ ಅನ್ನುತ್ತಾರೆ. ಪ್ರಿಂಟ್ ಹಾಕುವ ಕಾಗದ ಈ ಮಾಸ್ಕ್ ಲೆಕ್ಕಕ್ಕೆ ಹೊಂದಿಕೊಂಡೇ ತಯಾರಾಗಿರುತ್ತದೆ, ಸ್ಕ್ಯಾನರ್‌ಗೆ ಅದು ಗೊತ್ತಿಲ್ಲ. ಸುಮ್ನೆ ಉಲ್ಟಾ ಮಾಡಿದರೆ ಕಿತ್ತಳೆಯ ವಿರುದ್ಧ ಬಣ್ಣವಾದ ನೀಲಿ ಎಲ್ಲೆಡೆ ಕವಿಯುತ್ತದೆ. ಫಿಲ್ಮ್ ಟೈಪ್ 'ಕಲರ್ ನೆಗೆಟಿವ್' ಅಂತ ಇಟ್ಟಾಗ ಸಾಫ್ಟ್‌ವೇರ್ ಮೊದಲು ಈ ಮಾಸ್ಕ್ ಕಳೆಯುತ್ತದೆ, ಆಮೇಲೆ ಉಲ್ಟಾ ಮಾಡುತ್ತದೆ. ಅಷ್ಟಾಗಿಯೂ ನೀಲಿಯೇ ಬಂದರೆ 'ಪಾಸಿಟಿವ್' ಅಂತ ಆರಿಸಿದ್ದೀರಾ ನೋಡಿ.

ಪಟ್ಟಿಯಲ್ಲಿ ನನ್ನ ಫಿಲ್ಮ್ ಹೆಸರೇ ಇಲ್ಲ. ಹಳೇ ಕೊನಿಕಾ ರೋಲು.

ತಲೆ ಕೆಡಿಸಿಕೊಳ್ಳಬೇಡಿ. 'ಜೆನೆರಿಕ್' ಅಂತ ಇರುವುದನ್ನು ಆರಿಸಿ. ಇಲ್ಲದಿದ್ದರೆ ನಾಲ್ಕೈದು ಹೆಸರು ಬದಲಿಸಿ ನೋಡಿ, ಮುಖದ ಬಣ್ಣ ಯಾವುದರಲ್ಲಿ ಹಿಡಿಸುತ್ತದೋ ಅದು. ಪಟ್ಟಿಯಲ್ಲಿ ಹೆಸರು ಇದ್ದರೂ ಅದು ಹೊಸ ಫಿಲ್ಮಿನ, ಸರಿಯಾಗಿ ತೊಳೆದ ರೋಲಿನ ಲೆಕ್ಕ. ನಿಮ್ಮದು 1990ರ ದಶಕದಲ್ಲಿ ತೊಳೆಸಿ, ಅಷ್ಟೂ ಮಳೆಗಾಲ ಬೀರುವಿನಲ್ಲಿ ಕಳೆದ ರೋಲು. ಎರಡಕ್ಕೂ ತಾಳೆಯಾಗಬೇಕು ಅಂತೇನಿಲ್ಲ.

ಒಂದೇ ರೋಲು, ಒಂದೇ ಮದುವೆ. ಒಂದೊಂದು ಫೋಟೋದಲ್ಲಿ ಒಂದೊಂದು ಬಣ್ಣ ಯಾಕೆ?

ಆಟೋ ಎಕ್ಸ್‌ಪೋಷರ್‌ನ ಕೆಲಸ ಇದು. ಪ್ರತಿ ಚೌಕಟ್ಟನ್ನೂ ಹೊಸದಾಗಿ ನೋಡಿ, ಇದರಲ್ಲಿ ಕೆಂಪು ಜಾಸ್ತಿ ಆಯ್ತು, ಇಳಿಸೋಣ ಅನ್ನುತ್ತದೆ. ಛತ್ರದಲ್ಲಿ ಹಿಂದೆ ಕೆಂಪು ಪರದೆ ಕಟ್ಟಿದ್ದರೆ ಮುಗೀತು, ಮದುಮಗಳ ಮುಖ ಹಸಿರಿಗೆ ತಿರುಗುತ್ತದೆ. ಮುಂದಿನ ಚೌಕಟ್ಟಿನಲ್ಲಿ ಬಿಳಿ ಪಂಚೆಯವರ ಗುಂಪು, ಅಲ್ಲಿ ಬಣ್ಣ ಬೇರೆ.

ಮದ್ದು ಏನೆಂದರೆ ಲೆಕ್ಕವನ್ನು ಚಿತ್ರದಿಂದ ತೆಗೆದುಕೊಳ್ಳದೆ ಖಾಲಿ ಫಿಲ್ಮ್‌ನಿಂದ ತೆಗೆದುಕೊಳ್ಳುವುದು. ಎರಡು ಚೌಕಟ್ಟುಗಳ ನಡುವಿನ ಸಂದಿಯಲ್ಲೋ, ರೋಲಿನ ತುದಿಯಲ್ಲೋ ಚಿತ್ರವೇ ಇಲ್ಲದ ಬರೀ ಕಿತ್ತಳೆ ಜಾಗ ಇರುತ್ತದೆ. ವ್ಯೂಸ್ಕ್ಯಾನ್‌ನಲ್ಲಿ ಕ್ರಮ ಹೀಗೆ: ಪ್ರೊಫೆಷನಲ್ ಮೋಡ್‌ಗೆ ಬಂದು ಪ್ರಿವ್ಯೂ ಒತ್ತಿ, ಕ್ರಾಪ್ ಚೌಕವನ್ನು ಆ ಖಾಲಿ ಜಾಗದ ಮೇಲೆ ಇಡಿ. ಲಾಕ್ ಎಕ್ಸ್‌ಪೋಷರ್ ಟಿಕ್ ಮಾಡಿ. ಮತ್ತೆ ಪ್ರಿವ್ಯೂ ಒತ್ತಿ. ಈಗ ಲಾಕ್ ಫಿಲ್ಮ್ ಬೇಸ್ ಕಲರ್ ಅನ್ನುವ ಇನ್ನೊಂದು ಟಿಕ್ ಸಿಗುತ್ತದೆ, ಅದನ್ನೂ ಹಾಕಿ. ಇನ್ನು ಆ ರೋಲಿನ 36 ಚೌಕಟ್ಟನ್ನೂ ಈ ಲಾಕ್ ಬಿಚ್ಚದೆ ಸ್ಕ್ಯಾನ್ ಮಾಡಿ. ಬೇರೆ ರೋಲು ಹಾಕಿದಾಗ ಬಿಚ್ಚಿ ಮತ್ತೆ ಮಾಡಬೇಕು, ಒಂದೊಂದು ರೋಲಿನ ಕಿತ್ತಳೆ ಒಂದೊಂದು ಥರ. ಮೊದಲ ಸಲ ಕಷ್ಟ ಅನಿಸುತ್ತದೆ. ಮೂರನೇ ರೋಲಿಗೆ ಒಂದು ನಿಮಿಷದ ಕೆಲಸ.

ಎಪ್ಸನ್ ಸ್ಕ್ಯಾನ್‌ನಲ್ಲಿ ಈ ಲಾಕ್ ಇಲ್ಲ. ಅಲ್ಲಿ ಒಂದು ಒಳ್ಳೆಯ ಚೌಕಟ್ಟಿಗೆ ಸೆಟಿಂಗ್ ಕೂಡಿಸಿ, ಅದನ್ನು ಹೆಸರು ಕೊಟ್ಟು ಸೇವ್ ಮಾಡಿ, ಮಿಕ್ಕವಕ್ಕೂ ಅದನ್ನೇ ಹಚ್ಚಿ.

ಪ್ರಿವ್ಯೂ ಚೆನ್ನಾಗಿ ಕಾಣುತ್ತೆ, ಆದ್ರೆ ಬಿಳಿ ಜಾಗ ಸುಟ್ಟಂಗಿರುತ್ತೆ. ಏನ್ ಮಾಡ್ಲಿ?

ಹಿಸ್ಟೋಗ್ರಾಮ್ ಕಿಟಕಿ ತೆರೆಯಿರಿ. ಕಪ್ಪಿನಿಂದ ಬಿಳಿಯವರೆಗೆ ಚಿತ್ರದಲ್ಲಿ ಯಾವ ಛಾಯೆ ಎಷ್ಟಿದೆ ಅಂತ ತೋರಿಸುವ ನಕ್ಷೆ ಅದು. ಗುಡ್ಡದಂಥ ಆಕಾರ ಕಾಣುತ್ತದೆ. ಅದರ ಕೆಳಗೆ ಎರಡು ಬದಿಯಲ್ಲೂ ತ್ರಿಕೋನಗಳಿರುತ್ತವೆ. ಆಟೋ ಇದ್ದರೆ ಆ ತ್ರಿಕೋನಗಳು ಗುಡ್ಡದ ತಪ್ಪಲನ್ನು ತಿನ್ನುತ್ತಾ ಒಳಗೆ ಬಂದು ಕೂತಿರುತ್ತವೆ. ಅವುಗಳಿಂದ ಹೊರಗೆ ಉಳಿದಿದ್ದೆಲ್ಲ ಕಡು ಕಪ್ಪು, ಇಲ್ಲವೇ ಬರೀ ಬಿಳಿ. ಆಮೇಲೆ ಏನು ಮಾಡಿದರೂ ವಾಪಸ್ ಬರುವುದಿಲ್ಲ. ಅಜ್ಜನ ಪಂಚೆಯ ನೆರಿಗೆ ಇದ್ದದ್ದು ಆ ತಪ್ಪಲಿನಲ್ಲೇ.

ಎರಡನ್ನೂ ಗುಡ್ಡ ಮುಗಿದ ಮೇಲೆ ಒಂಚೂರು ಆಚೆಗೆ ಸರಿಸಿ. ಚಿತ್ರ ಸಪ್ಪೆಯಾಗಿ ಕಾಣುತ್ತದೆ. ಕಾಣಲಿ, ಉಪ್ಪು ಖಾರ ಆಮೇಲೆ ಹಾಕಿಕೊಳ್ಳಬಹುದು. ಪ್ರಿವ್ಯೂನಲ್ಲಿ ಫಿಲ್ಮ್‌ನ ಅಂಚೋ ಹೋಲ್ಡರ್‌ನ ಕಪ್ಪೋ ಚೌಕದೊಳಗೆ ಬಂದಿದ್ದರೆ ಹಿಸ್ಟೋಗ್ರಾಮ್ ಅದನ್ನೂ ಎಣಿಸಿ ದಾರಿ ತಪ್ಪಿಸುತ್ತದೆ. ಆಟೋ ಬಳಸುವವರು ಚೌಕವನ್ನು ಚಿತ್ರದ ಒಳಗೇ ಇಡಬೇಕು.

ಎಸ್‌ಆರ್‌ಜಿಬಿನಾ, ಅಡೋಬಿ ಆರ್‌ಜಿಬಿನಾ?

ಫೈಲಿನಲ್ಲಿ ಎಷ್ಟು ಬಗೆಯ ಬಣ್ಣ ಹಿಡಿಸಬೇಕು ಅನ್ನುವ ಎರಡು ಅಳತೆ ಇವು. ಮುಂದೆ ಬಣ್ಣ ತಿದ್ದುವವರಿಗೆ ಅಡೋಬಿ ಆರ್‌ಜಿಬಿ. ಇದೇನು ಅಂತ ಗೊತ್ತಿಲ್ಲದವರಿಗೆ ಎಸ್‌ಆರ್‌ಜಿಬಿ. ಫೋನಿಗೂ ಊರಿನ ಸ್ಟುಡಿಯೋ ಪ್ರಿಂಟಿಗೂ ಅದೇ ಸಲೀಸು.

### ಕೈ ಕುದುರಿದ ಮೇಲೆ

ರಾ ಸ್ಕ್ಯಾನ್ ಮಾಡಿ ಆಮೇಲೆ ಉಲ್ಟಾ ಮಾಡೋದು ಅಂತಾರಲ್ಲ, ಅದು ಹೇಗೆ?

ಸ್ಕ್ಯಾನರ್ ಕಂಡಿದ್ದನ್ನು ಹಾಗೆ ಹಾಗೇ, ಕಿತ್ತಳೆ ಸಮೇತ ಉಳಿಸುವುದು. ವ್ಯೂಸ್ಕ್ಯಾನ್‌ನಲ್ಲಿ ಔಟ್‌ಪುಟ್ ಕೆಳಗೆ ರಾ ಫೈಲ್ ಟಿಕ್ ಮಾಡಿ. ಇನ್‌ಫ್ರಾರೆಡ್ ಇರುವ ಸ್ಕ್ಯಾನರ್ ಆದರೆ 64 ಬಿಟ್ ಆರಿಸಿ, ಧೂಳಿನ ನಕ್ಷೆಯೂ ಅದೇ ಫೈಲಿನಲ್ಲಿ ಕೂರುತ್ತದೆ. ನಾಳೆ ಮನಸ್ಸು ಬದಲಾದರೆ ಫಿಲ್ಮ್ ಮತ್ತೆ ಹೊರಗೆ ತೆಗೆಯಬೇಕಿಲ್ಲ. ಎಪ್ಸನ್ ಸ್ಕ್ಯಾನ್‌ನಲ್ಲಾದರೆ ಫಿಲ್ಮ್ ಟೈಪ್ 'ಪಾಸಿಟಿವ್', 48 ಬಿಟ್, ಮಿಕ್ಕಿದ್ದೆಲ್ಲ ಆಫ್.

ಉಲ್ಟಾ ಮಾಡಲು ಲೈಟ್‌ರೂಮ್ (ಫೋಟೋ ತಿದ್ದುವ ಸಾಫ್ಟ್‌ವೇರ್) ಇದ್ದವರಿಗೆ ನೆಗೆಟಿವ್ ಲ್ಯಾಬ್ ಪ್ರೋ ಇದೆ, ದುಡ್ಡು ಕೊಟ್ಟು ಕೊಳ್ಳಬೇಕು. ಪುಕ್ಕಟೆ ಬೇಕಾದವರಿಗೆ ಡಾರ್ಕ್‌ಟೇಬಲ್. 2020ರಲ್ಲಿ ಬಂದ ಅದರ 3.2 ಆವೃತ್ತಿಯಿಂದ ನೆಗಾಡಾಕ್ಟರ್ ಅನ್ನುವ ಭಾಗ ಸೇರಿದೆ. ಅದರಲ್ಲಿ ಮೊದಲ ಕೆಲಸವೇ ಬಣ್ಣ ಹೆಕ್ಕುವ ಪಿಪೆಟ್ ಹಿಡಿದು ಖಾಲಿ ಕಿತ್ತಳೆ ಜಾಗ ತೋರಿಸುವುದು. ಹಾಗಾಗಿ ಸ್ಕ್ಯಾನ್ ಮಾಡುವಾಗ ಚೌಕಟ್ಟಿನ ಹೊರಗಿನ ಫಿಲ್ಮ್ ಸ್ವಲ್ಪ ಸೇರಿಸಿಕೊಂಡೇ ಕ್ರಾಪ್ ಮಾಡಿ. ಆ ಅಂಚು ಸ್ಕ್ಯಾನ್‌ನಲ್ಲಿ ಬಿಟ್ಟುಹೋಯಿತೋ, ಆಮೇಲೆ ಕಿತ್ತಳೆಯನ್ನು ಊಹಿಸುತ್ತಾ ಕೂರಬೇಕು.

ಎಲ್ಲರಿಗೂ ಇದು ಬೇಕಾ? ಬೇಡ. 36ರಲ್ಲಿ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುವಂಥವು ಎರಡೋ ಮೂರೋ ಇರುತ್ತವೆ. ಅವಕ್ಕೆ ಮಾಡಿ.

ಮಲ್ಟಿ ಎಕ್ಸ್‌ಪೋಷರ್, ಮಲ್ಟಿ ಸ್ಯಾಂಪ್ಲಿಂಗ್ ಆನ್ ಮಾಡಿದ್ರೆ ಗುಣಮಟ್ಟ ಜಾಸ್ತಿ ಆಗುತ್ತಾ?

ನೆಗೆಟಿವ್‌ನಲ್ಲಿ ವ್ಯತ್ಯಾಸ ಕಾಣುವುದೇ ಕಷ್ಟ. ಮಲ್ಟಿ ಸ್ಯಾಂಪ್ಲಿಂಗ್ ಅಂದರೆ ಒಂದೇ ಬೆಳಕಿಗೆ ಹಲವು ಸಲ ಓದಿ ಸರಾಸರಿ ತೆಗೆಯುವುದು. ಮಲ್ಟಿ ಎಕ್ಸ್‌ಪೋಷರ್ ಅಂದರೆ ಬೇರೆ ಬೇರೆ ಬೆಳಕಿಗೆ ಎರಡು ಸಲ ಓದಿ ಒಟ್ಟು ಮಾಡುವುದು. ಗಾಢ ಕಪ್ಪಿರುವ ಸ್ಲೈಡ್‌ಗಳಿಗೆ (ಉಲ್ಟಾ ಅಲ್ಲದೆ ನೇರ ಬಣ್ಣದಲ್ಲೇ ಚಿತ್ರ ಇರುವ ಫಿಲ್ಮ್) ಅದು ನಿಜಕ್ಕೂ ಉಪಯೋಗ. ನೆಗೆಟಿವ್ ಅಷ್ಟು ಗಾಢವಾಗಿ ಇರುವುದೇ ಇಲ್ಲ. ಫ್ಲ್ಯಾಟ್‌ಬೆಡ್‌ನಲ್ಲಂತೂ ಎರಡು ಓದುಗಳ ನಡುವೆ ಕೂದಲೆಳೆ ಅಲುಗಿದರೂ ಚಿತ್ರ ಮಸುಕಾಗುತ್ತದೆ. ಸ್ಲೈಡ್ ಇದ್ದರೆ ಇನ್ನೊಂದು ಎಚ್ಚರಿಕೆ. ಮೌಂಟ್ ಮೇಲೆ ಕೊಡಾಕ್ರೋಮ್ ಅಂತ ಇದ್ದರೆ ಡಿಜಿಟಲ್ ಐಸ್ ಅದರ ಮೇಲೆ ಸರಿಯಾಗಿ ಕೆಲಸ ಮಾಡುವುದಿಲ್ಲ, ಒಂದು ಸ್ಲೈಡ್‌ಗೆ ಹಾಕಿ ನೋಡಿ ಮುಂದುವರಿಯಿರಿ.

ಎಣ್ಣೆ ಚೆಲ್ಲಿದ ನೀರಿನ ಥರ ಬಣ್ಣದ ಉಂಗುರಗಳು ಬರ್ತಿವೆ.

ನ್ಯೂಟನ್ ಉಂಗುರ. ನುಣುಪಾದ ಫಿಲ್ಮ್ ನುಣುಪಾದ ಗಾಜಿಗೆ ತಾಗಿದಾಗ ಬರುತ್ತದೆ. ಇದಕ್ಕೆ ಸಾಫ್ಟ್‌ವೇರ್‌ನಲ್ಲಿ ಮದ್ದಿಲ್ಲ. ಫಿಲ್ಮ್ ಸುರುಳಿ ಸುತ್ತಿಕೊಂಡು ಗಾಜಿಗೆ ತಾಗುತ್ತಿದೆ ಅಂತ ಅರ್ಥ. ಕವರ್ ಸಮೇತ ದಪ್ಪ ಪುಸ್ತಕಗಳ ಕೆಳಗೆ ಒಂದು ವಾರ ಇಡಿ, ಪಂಚಾಂಗಕ್ಕಿಂತ ನಿಘಂಟು ವಾಸಿ. ಸುರುಳಿ ಬಿಟ್ಟರೆ ಫೋಕಸ್ಸೂ ಸರಿಹೋಗುತ್ತದೆ, ಯಾಕೆಂದರೆ ವಿ600 ಥರದವುಗಳಲ್ಲಿ ಫೋಕಸ್ ಬದಲಿಸಲು ಬರುವುದಿಲ್ಲ.

ತಾತನ ಅಗ್ಫಾ ಕ್ಲಿಕ್ 3 ಕ್ಯಾಮೆರಾದ ದೊಡ್ಡ ಚೌಕ ನೆಗೆಟಿವ್ ಇವೆ, ಕಪ್ಪು-ಬಿಳುಪು. ಸೆಟಿಂಗ್ ಬೇರೆನಾ?

ಅದೃಷ್ಟವಂತರು ನೀವು. ಆ ಕ್ಯಾಮೆರಾ 120 ಫಿಲ್ಮ್‌ನಲ್ಲಿ 6 x 6 ಸೆಂ.ಮೀ. ಅಂತ ಕರೆಯುವ ಚೌಕ ತೆಗೆಯುತ್ತಿತ್ತು, ರೋಲಿಗೆ 12 ಫೋಟೋ. ನಿಜವಾದ ಅಳತೆ ಸುಮಾರು 56 ಮಿ.ಮೀ. 35 ಎಂಎಂನ ಮೂರೂವರೆ ಪಟ್ಟು ಜಾಗ ಇರುವುದರಿಂದ ಸಾಧಾರಣ ಫ್ಲ್ಯಾಟ್‌ಬೆಡ್‌ ಕೂಡ ಇಲ್ಲಿ ಮಿಂಚುತ್ತದೆ. 2400 ಡಿಪಿಐ ಇಟ್ಟರೆ 28 ಮೆಗಾಪಿಕ್ಸೆಲ್. ಕ್ಲಿಕ್ 3ರ ಸಾದಾ ಲೆನ್ಸಿಗೆ ಅದೇ ಜಾಸ್ತಿ, 1600 ಸಾಕು.

16 ಬಿಟ್ ಗ್ರೇಸ್ಕೇಲ್, ಐಸ್ ಆಫ್, ಫಿಲ್ಮ್ ಟೈಪ್ 'ಬ್ಲ್ಯಾಕ್ ಆ್ಯಂಡ್ ವೈಟ್ ನೆಗೆಟಿವ್'. ಎಪ್ಸನ್ ಸ್ಕ್ಯಾನ್‌ನಲ್ಲಿ ಥಂಬ್‌ನೇಲ್ ಟಿಕ್ ತೆಗೆದುಬಿಡಿ. ಆ ಕಾಲದ ರೋಲುಗಳಲ್ಲಿ ಚೌಕಟ್ಟುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ, ತಾನೇ ಹುಡುಕಲು ಹೋಗಿ ಅರ್ಧ ತಲೆ ಕತ್ತರಿಸುತ್ತದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ಫಿಲ್ಮ್ ಆಗಿದ್ದರೂ ಇದೇ ಸೆಟಿಂಗ್. ಧೂಳನ್ನು ಮೊದಲು ಬ್ಲೋಯರ್‌ನಿಂದ ಊದಿ ತೆಗೆಯಿರಿ. ಬಾಯಿಂದ ಊದಬೇಡಿ, ಎಂಜಲು ಹಾರುತ್ತದೆ.

ನೆಗೆಟಿವ್ ಮೇಲೆ ಬೂಷ್ಟು ಹಿಡಿದಿದೆ. ಐಸ್‌ನಲ್ಲಿ ಹೋಗುತ್ತಾ?

ಮೇಲುಮೇಲಿನದ್ದು ಸ್ವಲ್ಪ ಹೋಗಬಹುದು. ಬೂಷ್ಟು ಪದರವನ್ನು ತಿಂದುಹಾಕಿದ್ದರೆ ಅಲ್ಲಿ ಚಿತ್ರವೇ ಇರುವುದಿಲ್ಲ. ದಯವಿಟ್ಟು ನೀರಿನಲ್ಲಿ ತೊಳೆಯಬೇಡಿ. ಬೂಷ್ಟು ಹಿಡಿದ ಜೆಲಾಟಿನ್ ನೀರಿಗೆ ಕರಗುತ್ತದೆ, ತೊಟ್ಟಿಯಲ್ಲಿ ಚಿತ್ರವೇ ಬಿಟ್ಟುಕೊಂಡೀತು. ಮೊದಲು ಇದ್ದಂತೆಯೇ ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಿ, ಆಮೇಲೆ ಉಳಿದ ಸಾಹಸ. ಕರಾವಳಿ, ಮಲೆನಾಡಿನವರು ಮಳೆ ಹಿಡಿಯುವ ಮುಂಚೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಕ್ಕೆ ಸೇರಿಸಿ.

ಸ್ಕ್ಯಾನರ್ ಇಲ್ಲ, ಕ್ಯಾಮೆರಾ ಇದೆ. ಸೆಟಿಂಗ್ ಹೇಳಿ.

ಮ್ಯಾಕ್ರೋ ಲೆನ್ಸು, ಟ್ರೈಪಾಡ್ ಅಥವಾ ಕಾಪಿ ಸ್ಟ್ಯಾಂಡ್. ಐಎಸ್‌ಒ 100, ಎಫ್/8, ರಾ, ಮ್ಯಾನ್ಯುಯಲ್ ಎಕ್ಸ್‌ಪೋಷರ್, 2 ಸೆಕೆಂಡಿನ ಟೈಮರ್. ಇಡೀ ರೋಲಿಗೆ ಎಕ್ಸ್‌ಪೋಷರ್ ಬದಲಿಸಬೇಡಿ, ಖಾಲಿ ಫಿಲ್ಮ್ ಜಾಗ ಸುಡದಷ್ಟು ಬೆಳಕು ಇಡಿ. ಹಿಂದಿನ ದೀಪ ಸಿಆರ್‌ಐ (ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಅನ್ನುವ ಅಂಕ) 95ಕ್ಕಿಂತ ಜಾಸ್ತಿ ಇರುವ ಎಲ್‌ಇಡಿ ಪ್ಯಾನೆಲ್ ಆಗಲಿ. ಫೋನಿನ ಪರದೆಯನ್ನೇ ದೀಪ ಮಾಡಿಕೊಂಡರೆ ಅದರ ಪಿಕ್ಸೆಲ್ ಜಾಲರಿ ಫೋಟೋದಲ್ಲಿ ಬರುತ್ತದೆ, ನಡುವೆ ಹಾಲುಬಿಳಿ ಅಕ್ರಿಲಿಕ್ ಹಾಳೆ ಇಟ್ಟು ಫಿಲ್ಮನ್ನು ಮೇಲೆತ್ತಿ ಹಿಡಿಯಬೇಕು. ಕೋಣೆಯ ಮಿಕ್ಕ ದೀಪ ಆರಿಸಿ.

ವೇಗದಲ್ಲಿ ಸ್ಕ್ಯಾನರ್ ಇದರ ಹತ್ತಿರವೂ ಬರುವುದಿಲ್ಲ. ಇನ್‌ಫ್ರಾರೆಡ್ ಇಲ್ಲ, ಅದೊಂದೇ ನೋವು. ಧೂಳನ್ನು ಕೈಯಾರೆ ಒಂದೊಂದೇ ಅಳಿಸಬೇಕು.

ಫೈಲಿಗೆ ಏನಂತ ಹೆಸರಿಡ್ಲಿ? ಎಲ್ಲದಕ್ಕೂ ಇವತ್ತಿನ ತಾರೀಖೇ ಬರ್ತಿದೆ.

ಸ್ಕ್ಯಾನರ್‌ಗೆ ಗೊತ್ತಿರುವುದು ಸ್ಕ್ಯಾನ್ ಆದ ದಿನ ಮಾತ್ರ. ಹೆಸರಿನಲ್ಲಿ ವರ್ಷ, ರೋಲ್ ನಂಬರ್, ಚೌಕಟ್ಟಿನ ನಂಬರ್ ಬರಲಿ: '1994-ರೋಲ್07-12ಎ' ಥರ. ಚೌಕಟ್ಟಿನ ನಂಬರು ಫಿಲ್ಮ್‌ನ ಅಂಚಿನಲ್ಲೇ ಇರುತ್ತದೆ, 12 ಆದಮೇಲೆ 12ಎ, ಆಮೇಲೆ 13. ವರ್ಷ ಖಚಿತವಿಲ್ಲದಿದ್ದರೆ '199x' ಅಂತ ಬರೆಯಿರಿ, ತಪ್ಪು ವರ್ಷ ಬರೆಯಬೇಡಿ. ಅದೇ ರೋಲ್ ನಂಬರನ್ನು ನೆಗೆಟಿವ್ ಕವರ್ ಮೇಲೂ ಪೆನ್ಸಿಲ್‌ನಲ್ಲಿ ಬರೆಯಿರಿ. ಫೋಟೋದಲ್ಲಿ ಯಾರಿದ್ದಾರೆ ಅಂತ ಹೇಳಬಲ್ಲ ದೊಡ್ಡಮ್ಮನೋ ಚಿಕ್ಕಪ್ಪನೋ ಇದ್ದರೆ ಆ ರೋಲನ್ನು ಮೊದಲು ಸ್ಕ್ಯಾನ್ ಮಾಡಿ.

ಸ್ಕ್ಯಾನ್ ಆಯ್ತಲ್ಲ, ಇನ್ನು ನೆಗೆಟಿವ್ ಬಿಸಾಕಬಹುದಾ?

ಬೇಡ. ನಾನು 20 ರೋಲನ್ನು ಎರಡನೇ ಸಲ ಸ್ಕ್ಯಾನ್ ಮಾಡಲು ಆಗಿದ್ದು ಅವು ಇನ್ನೂ ಟ್ರಂಕಿನಲ್ಲೇ ಇದ್ದದ್ದರಿಂದ. ನೆಂಟರೊಬ್ಬರು ತಮ್ಮ ನೆಗೆಟಿವ್‌ಗಳನ್ನು ಒಂದು ಸ್ಟುಡಿಯೋಗೆ ಕೊಟ್ಟು ಸಿಡಿ ಮಾಡಿಸಿಕೊಂಡಿದ್ದರು, 'ನೀವೇ ಇಟ್ಕೊಳ್ಳಿ' ಅಂತ ನೆಗೆಟಿವ್ ಅಲ್ಲೇ ಬಿಟ್ಟು ಬಂದರು. ಈಗ ಆ ಸಿಡಿಯನ್ನು ಯಾವ ಡ್ರೈವೂ ಓದುತ್ತಿಲ್ಲ. ಹಳೇ ಪ್ಲಾಸ್ಟಿಕ್ ಕವರ್ ಅಂಟಂಟಾಗಿದ್ದರೆ ಬಿಸಾಕಿ, ಪಾಲಿಪ್ರೊಪಿಲೀನ್ ಅಥವಾ ಆಮ್ಲವಿಲ್ಲದ ಕಾಗದದ ಕವರ್‌ಗೆ ಬದಲಿಸಿ. ಅಟ್ಟ ಬೇಡ, ಬಿಸಿಲಿಗೆ ಕಾಯುತ್ತದೆ. ಮಲಗುವ ಕೋಣೆಯ ಬೀರುವಿನಲ್ಲಿ, ನೆಲಕ್ಕೆ ತಾಗದ ಹಲಗೆಯ ಮೇಲೆ ಇಡಿ.